ಗಲಗಲಿಯವರು ಚಹಾಕ್ಕೆ ಹೋದ ಆಟ

ನಾನೊಂದು ಚೆಸ್ ಗಡಿಯಾರ. ನನ್ನನ್ನು ಮಾಡಿದವನು ಒಂದೇ ಮರದ ಪೆಟ್ಟಿಗೆಯಲ್ಲಿ ಎರಡು ಮುಖ ಕೂರಿಸಿ, ನೆತ್ತಿಯ ಮೇಲೆ ಎರಡು ಗುಂಡಿ ಇಟ್ಟ. ನಡೆ ಮುಗಿಸಿದವರು ತಮ್ಮ ಗುಂಡಿ ಒತ್ತಿದರೆ ಎದುರಾಳಿಯ ಸಮಯ ಓಡತೊಡಗುತ್ತದೆ. ಒತ್ತಲೆಂದು ಇಟ್ಟದ್ದನ್ನು ಜನ ಗುದ್ದಿದರು. ಮನುಷ್ಯರೆಂದರೆ ನನಗೆ ಅಸಡ್ಡೆ ಹುಟ್ಟಿದ್ದು ಅಲ್ಲಿಂದಲೇ.

ಎಲ್ಲರಿಗಿಂತ ಜೋರಾಗಿ ಗುದ್ದಿದವರು ಹುಬ್ಬಳ್ಳಿಯ ನಮ್ಮ ಕ್ಲಬ್ಬಿನ ಅಧ್ಯಕ್ಷ ಶ್ರೀಪಾದ ಗಲಗಲಿ. ಕಪ್ಪು ಕಾಯಿ ಸಿಕ್ಕಾಗಲೆಲ್ಲ ಸಿಸಿಲಿಯನ್ ಡ್ರ್ಯಾಗನ್ ಎಂಬ ಹರಿತವಾದ ರಕ್ಷಣೆ ಆಡುತ್ತಿದ್ದರು. ಅದನ್ನು ತಾವೇ ಹೆತ್ತವರಂತೆ ಬೀಗುತ್ತಿದ್ದರು. ತಮ್ಮ ಬಳಿಯೇ ಕಲಿತ ಸುನಂದಾ ಹೊಂಬಳಗೆ, "ಹೆಣ್ಮಕ್ಕಳಿಗೆ ಹೊಡದಾಟದ ಆಟ ಒಗ್ಗಂಗಿಲ್ಲವಾ," ಅನ್ನುತ್ತಿದ್ದರು.

ಜಿಲ್ಲಾ ಪಂದ್ಯದ ಕೊನೆಯ ಸುತ್ತಿನಲ್ಲಿ ಅವರಿಬ್ಬರೇ ಎದುರಾದರು. ಗೆದ್ದರೆ ಸುನಂದಾ ರಾಜ್ಯಮಟ್ಟಕ್ಕೆ. ಡ್ರಾ ಆದರೂ ಸಾಕು, ಹೋಗುವವರು ಅಂಕದಲ್ಲಿ ಮುಂದಿದ್ದ ಗಲಗಲಿಯವರು. ಅವಳದು ಬಿಳಿ. ಅವಳ ಆನೆ ಕಪ್ಪು ರಾಜನ ಕಾವಲಿಗಿದ್ದ ಕುದುರೆಯನ್ನು ಹೊಡೆಯಿತು. ಆನೆ ಹೋಗುತ್ತದೆಂದು ಗೊತ್ತಿದ್ದೇ ಹೊಡೆದಳು. ಗಲಗಲಿ ನಗುತ್ತ ಆನೆಯನ್ನು ಎತ್ತಿಕೊಂಡರು. ರಾಜನತ್ತ ತೆರೆದ ದಾರಿಗೆ ಅವಳ ಮಂತ್ರಿ ಬಂದು ನಿಂತಾಗ ಆ ನಗೆ ಹುಳಿಯಾಯಿತು.

"ಡ್ರಾ ಮಾಡೋಣೇನು? ಇಬ್ಬರೂ ಒಂದ ಕ್ಲಬ್ಬಿನವರು."

"ಸರ್, ನಿಮ್ಮ ಗಡಿಯಾರ ಓಡ್ಲಿಕ್ಕ ಹತ್ತೇದ."

"ಚಹಾ ಕುಡದು ಬರ್ತೀನಿ," ಎಂದು ಎದ್ದರು. ಬರಲಿಲ್ಲ. ಸೋತೆನೆಂದು ಕೈ ಕುಲುಕಲು ಮನಸ್ಸಾಗದ ಮನುಷ್ಯನ ಹೇಡಿತನವನ್ನು ನಾನು ಟಿಕ್ ಟಿಕ್ ಎಂದು ಎಣಿಸಬೇಕಾಯಿತು. ಉಳಿದ ಮೇಜುಗಳು ಖಾಲಿಯಾದವು. ಸುನಂದಾ ಕದಲಲಿಲ್ಲ. ಕೊನೆಗೆ ಅವರ ಸಮಯ ಮುಗಿದು, ನನ್ನ ಮುಖದ ಮೇಲೆ ಅವರ ಬದಿಯ ಪುಟ್ಟ ಕೆಂಪು ಬಾವುಟ ಬಿತ್ತು. ಬಿಳಿ ಗೆದ್ದಿತೆಂದು ತೀರ್ಪುಗಾರರು ಹೇಳಿದರು.

ಗಲಗಲಿಯವರು ದೂರಿದ್ದು ನನ್ನನ್ನು: "ಆ ಗಡಿಯಾರ ಮುಂದ ಓಡ್ತದ." ರಿಪೇರಿಯವನು ದೋಷವಿಲ್ಲವೆಂದರೂ ಕಪಾಟಿಗೆ ಸೇರಿದೆ. ಬ್ಯಾಟರಿ ಗಡಿಯಾರಗಳು ಬಂದವು. ನನ್ನ ಸ್ಪ್ರಿಂಗು ಸತ್ತಿತು.

ವರ್ಷಗಳ ನಂತರ ಸುನಂದಾಗೆ ಕ್ಲಬ್ಬಿನಲ್ಲಿ ಸನ್ಮಾನ. ಕಪಾಟಿನ ಗಾಜಿನೊಳಗಿಂದ ನೋಡಿದೆ. ಗಲಗಲಿಯವರೇ ಭಾಷಣಕಾರರು. "ಆ ಆನೆ ಬಲಿ ಕೊಡೋದು ನಾನ ಕಲಿಸಿದ್ದು," ಅಂದರು. ಸಭೆ ಚಪ್ಪಾಳೆ ತಟ್ಟಿತು. ಸಭೆಗಳಿಗೆ ಬೇರೇನು ಗೊತ್ತು?

ಸುನಂದಾ ಎದ್ದು ಬಂದಳು. "ಸರ್, ಆವತ್ತು ಆಟ ಮುಗದ ಮ್ಯಾಲೆ ಕೈ ಕುಲುಕೋದು ಉಳದದ," ಎಂದು ಕೈ ಚಾಚಿದಳು.

ಎಲ್ಲರೂ ನೋಡುತ್ತಿದ್ದರು. ಗಲಗಲಿಯವರು ಕೈ ಕೊಟ್ಟರು. ಬದುಕಿಡೀ ಕೈಗಳ ಪೆಟ್ಟು ತಿಂದವನು ನಾನು. ಅವರ ಆ ಗುದ್ದುವ ಕೈ ಅಷ್ಟು ಹಗುರವಾದದ್ದನ್ನು ಎಂದೂ ಕಂಡಿರಲಿಲ್ಲ.