ಜೋಮು ಹಿಡಿದ ಕೈಗಳೆಷ್ಟು?

ಹೂವಿನ ಕಂಪನಿಯ ಶೀತಲ ಕೋಣೆಯಲ್ಲಿ ಗುಲಾಬಿ ಕಟ್ಟುವ ಸೊಸೆಯ ಬೆರಳುಗಳು ಸುಣ್ಣದಂತೆ ಬಿಳಿಚಿ ಮರಗಟ್ಟುತ್ತಿದ್ದವು. ಆಮೇಲೆ ನೀಲಿ, ಬೆಚ್ಚಗಾದರೆ ಕೆಂಪು. ಅತ್ತೆ ನೋಡಿದ್ದೇ ತಡ, ಒಂದೂವರೆ ವರ್ಷದ ಮೊಮ್ಮಗಳನ್ನು ಕಂಕುಳಿಗೆ ಏರಿಸಿಕೊಂಡರು.

"ಅಂಟುಜಾಡ್ಯ ಇರಬಹುದು. ಮಗೂನ ಮುಟ್ಟಬೇಡಮ್ಮ. ಯಾರಿಗೂ ಹೇಳಲೂಬೇಡ, ಕೆಲಸ ಹೋಗುತ್ತೆ."

ಹನ್ನೊಂದು ದಿನ! ಮಗು ಕೈಚಾಚಿದರೂ ಎತ್ತಿಕೊಳ್ಳದಿರುವ ಸಂಕಟ ಹೆತ್ತವರಿಗೇ ಗೊತ್ತು. ಅತ್ತೆ ಕೆಟ್ಟವರೇನಲ್ಲ, ಹೆದರಿದ್ದರು. ಹೆದರಿದವರಿಗೆ ಹಗ್ಗವೂ ಹಾವೇ.

ಮಗುವಿನ ಲಸಿಕೆಯ ದಿನ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಸೊಸೆ ಸೆರಗಿನೊಳಗೆ ಕೈ ಬಚ್ಚಿಟ್ಟದ್ದು ನರ್ಸಕ್ಕನ ಕಣ್ಣಿಗೆ ಬಿತ್ತು. ಡಾಕ್ಟರ ಹತ್ತಿರ ಕರೆದೊಯ್ದು ತೋರಿಸಿ, ಹೊರಗೆ ಬಂದು ಹೇಳಿದರು:

"ಇದಕ್ಕೆ ರೇನಾಡ್ ಅಂತಾರೆ. ಚಳಿಗೆ ಬೆರಳಿನ ರಕ್ತನಾಳ ಬಿಗಿಯಾಗುತ್ತೆ. ಅಂಟೋದಿಲ್ಲ. ನೂರರಲ್ಲಿ ಮೂರರಿಂದ ಐದು ಜನಕ್ಕೆ ಇರುತ್ತೆ. ಬೇರೆ ಬೇರೆ ಕಾರಣಕ್ಕೆ ಕೈ ಜೋಮು ಹಿಡಿಯೋರು ಇನ್ನೂ ಜಾಸ್ತಿ."

"ಹೋಗಮ್ಮ! ಇಷ್ಟು ವಯಸ್ಸಾಯ್ತು, ನಾನು ಒಬ್ಬರನ್ನೂ ಕಂಡಿಲ್ಲ," ಎಂದರು ಅತ್ತೆ.

"ಎಲ್ಲರೂ ಬಚ್ಚಿಟ್ಟರೆ ಎಲ್ಲಿ ಕಾಣ್ತೀರಿ?" ನರ್ಸಕ್ಕ ಕಾಯುತ್ತಿದ್ದವರ ಸಾಲಿನತ್ತ ತಿರುಗಿದರು. "ಕೈ ಜೋಮು ಹಿಡಿಯೋರು ಯಾರಿದ್ದೀರಿ? ಕೈ ಎತ್ತಿ ನೋಡೋಣ."

ಎಲ್ಲರೂ ನೆಲ ನೋಡಿದರು. ಮೊದಲು ಕಲ್ಲು ಕೊರೆಯುವವನು ಕೈ ಎತ್ತಿದ. ನಂತರ ಸಕ್ಕರೆ ಕಾಯಿಲೆಯ ಮೇಷ್ಟ್ರು, ಅವರ ಹಿಂದೆ ಬಸ್ಸಿನ ಚಾಲಕ, ಐಸ್ ಮಾರುವವಳು.

ಅತ್ತೆ ಚಡಪಡಿಸಿದರು. ಹೊಲಿಗೆ ಕೆಲಸ ಅವರದು. ಬೆರಳು ಜೋಮು ಹಿಡಿದು ಸೂಜಿ ಜಾರಿದಾಗಲೆಲ್ಲ "ಬೆವರು" ಎಂದು ಒಂದು ವರ್ಷ ಸುಳ್ಳು ಹೇಳಿದ್ದರು. ಈಗ ಕೈ ಎತ್ತೋಣವೆಂದರೆ ತೋಳಲ್ಲಿ ಮಗು.

"ಹಿಡ್ಕೊಳ್ಳಮ್ಮ ನಿನ್ನ ಮಗಳನ್ನ!" ಎಂದು ಸೊಸೆಗೆ ಕೊಟ್ಟವರೇ ಎರಡೂ ಕೈ ಎತ್ತಿದರು.

ಸಾಲೆಲ್ಲ ಚಪ್ಪಾಳೆ. ಸೊಸೆಗೆ ಏನೂ ಕೇಳಿಸಲಿಲ್ಲ. ಮಗುವಿನ ಕೆನ್ನೆಗೆ ಕೆನ್ನೆ ಒತ್ತಿ ನಿಂತುಬಿಟ್ಟಳು.

ಕೆಲಸವೂ ಹೋಗಲಿಲ್ಲ. ಡಾಕ್ಟರ ಚೀಟಿ ನೋಡಿ ಕಂಪನಿಯ ಯಜಮಾನರು ದಪ್ಪ ಕೈಗವಸು ಕೊಡಿಸಿದರು, ನಡುನಡುವೆ ಬೆಚ್ಚಗಿನ ಕೋಣೆಯ ಕೆಲಸವನ್ನೂ ಕೊಟ್ಟರು. ಅತ್ತೆಗೂ ಚಿಕಿತ್ಸೆ ಶುರುವಾಯಿತು.

ಓದುಗರೇ, ನಿಮ್ಮ ಕೈಯೂ ಹೀಗಾಗುತ್ತದೆಯೆ? ಬೆಚ್ಚಗಿಡಿ, ಬೀಡಿ ಸಿಗರೇಟು ಬಿಡಿ. ಮರಗಟ್ಟಿದ ಕೈಯನ್ನು ಬೆಂಕಿಗೆ ಹಿಡಿಯಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಜೋಮು ಬಿಡದಿದ್ದರೆ, ಹುಣ್ಣಾದರೆ, ಹಿಡಿತ ಸಡಿಲವಾದರೆ ಡಾಕ್ಟರಿಗೆ ತೋರಿಸಿ. ಥಟ್ಟನೆ ಒಂದು ಕೈ ಸೋತರೆ, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಒಂದು ಕ್ಷಣವೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ. ನಾಚಿಕೆ ಬೇಡ, ನೀವು ಒಬ್ಬರೇ ಅಲ್ಲ. ಇವತ್ತೇ ಮನೆಯವರ ಮುಂದೆ ಕೈ ಬಿಚ್ಚಿ ತೋರಿಸಿ!