ಮೂರು ನಿಮಿಷದ ಬೆನ್ನು

ಕತ್ತರಿಗೆ ಮೈಯೆಲ್ಲ ಉರಿದದ್ದು ಮೊದಲು ಸ್ಟುಡಿಯೋದ ಮೇಜಿನ ಮೇಲಿದ್ದ ಆ ಮಾದರಿ ಪೆಟ್ಟಿಗೆ ನೋಡಿ. ಒಳಗೆ ಬರುವುದು ಎರಡೇ ಎರಡು ಸಿನಿಮಾ ಡಿಸ್ಕು, ಅದಕ್ಕೆ ಬೂಟಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಜೊತೆಗೆ ಒಂದು ರಬ್ಬರಿನ ದೆವ್ವ, ಬೀಗದ ಕೈಗೆ ಸಿಕ್ಕಿಸಿಕೊಳ್ಳಲು ಅದರದ್ದೇ ಮರಿ, ಯಾರೋ ಪ್ರೊಫೆಸರ್ ಬರೆದ ನಲವತ್ತು ಪುಟದ ಪುಸ್ತಕ. ಪುಸ್ತಕದ ಎರಡನೇ ಪುಟದಲ್ಲಿ ‘ಈ ಚಿತ್ರದ ಸಂಕಲನ ಅಧಿಕಾರಶಾಹಿಯ ಲಯವನ್ನು ಅಣಕಿಸುತ್ತದೆ’ ಎಂದಿತ್ತು. ಈ ಮಹಾಶಯ ಒಂದು ಅಡಿ ಫಿಲ್ಮನ್ನಾದರೂ ಕೈಯಲ್ಲಿ ಹಿಡಿದಿದ್ದಾನೋ ಇಲ್ಲವೋ ಎಂದುಕೊಂಡು ಅವಳು ಪುಸ್ತಕವನ್ನು ಮೇಜಿನ ಆ ತುದಿಗೆ ತಳ್ಳಿದಳು.

ಕತ್ತರಿ ಅಂದರೆ ಅವಳ ಹೆಸರಲ್ಲ. ನಲವತ್ತು ವರ್ಷ ಸಿನಿಮಾ ಎಡಿಟರ್ ಆಗಿದ್ದಳು. ಎದುರಿಗೆ ಎಲ್ಲರೂ ಮೇಡಂ, ಬೆನ್ನ ಹಿಂದೆ ಕತ್ತರಿ. ಅದು ಅವಳ ಕಿವಿಗೆ ಬಿದ್ದೇ ಇತ್ತು, ಬಿದ್ದು ಖುಷಿಯೂ ಆಗಿತ್ತು. ಯಾರನ್ನೂ ಹೊಗಳಿದವಳಲ್ಲ. ನಿರ್ದೇಶಕರು ಎಂದರೆ ಅವಳ ಲೆಕ್ಕದಲ್ಲಿ ಮೂಟೆಗಟ್ಟಲೆ ಕಸ ತಂದು ಸುರಿಯುವವರು, ನಟರು ಎಂದರೆ ಆ ಕಸದ ಮೇಲೆ ಹತ್ತಿ ನಿಂತು ಫೋಟೊ ತೆಗೆಸಿಕೊಳ್ಳುವವರು.

ಮೂವತ್ತೊಂದು ವರ್ಷದ ಹಿಂದೆ ಅವಳು ಕತ್ತರಿಸಿ ಜೋಡಿಸಿದ ‘ರಜೆ ಮಂಜೂರಾಗದ ದೆವ್ವ’ ಈಗ ಡಿಸ್ಕಾಗಿ ಹೊಸದಾಗಿ ಮನೆಮನೆಗೆ ಬರಲಿತ್ತು. ಕತೆ ಇಷ್ಟೇ: ಒಬ್ಬ ಗುಮಾಸ್ತ ಸಾಯುತ್ತಾನೆ. ರಜೆ ಅರ್ಜಿ ಮಂಜೂರಾಗಿಲ್ಲವಲ್ಲ, ಮಾರನೇ ದಿನ ದೆವ್ವವಾಗಿ ಕಚೇರಿಗೆ ಬಂದು ಹಾಜರಿ ಹಾಕುತ್ತಾನೆ. ಜನ ಬಿದ್ದು ಬಿದ್ದು ನಕ್ಕಿದ್ದರು, ಈಗಲೂ ನಗುತ್ತಾರೆ. ಆ ದೆವ್ವವಾಗಿ ನಟಿಸಿದವನು ಅವಳ ಸ್ವಂತ ತಮ್ಮ. ಅಂದಿನಿಂದ ಬೀದಿಯ ಮಕ್ಕಳಿಂದ ಹಿಡಿದು ಪೊಲೀಸಿನವರ ತನಕ ಎಲ್ಲರಿಗೂ ಅವನು ದೆವ್ವದಣ್ಣ.

ಅಕ್ಕ ತಮ್ಮ ಮಾತು ಬಿಟ್ಟೂ ಮೂವತ್ತೊಂದು ವರ್ಷವೇ ಆಗಿತ್ತು. ಅಮ್ಮ ತೀರಿಕೊಂಡ ದಿನವೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿ ಕೂತಿದ್ದರು. ಕಾರಣ ಒಂದೇ ದೃಶ್ಯ. ದೆವ್ವ ತನ್ನ ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂರುವ ಮೂರು ನಿಮಿಷ. ತನ್ನ ಜೀವಮಾನದಲ್ಲೇ ಒಳ್ಳೆಯ ಕೆಲಸ ಅದು ಎಂದು ತಮ್ಮ ನಂಬಿದ್ದ. ಅಕ್ಕ ಅದನ್ನು ಇಡಿಯಾಗಿ ಕಿತ್ತು ಹಾಕಿದ್ದಳು. ಅವನು ಎಡಿಟಿಂಗ್ ಕೋಣೆಗೇ ಬಂದು, “ಆ ಸೀನು ಸರಿಯಾಗಿ ಕೇಳಿದ್ಯಾ ನೀನು?” ಎಂದು ಕೇಳಿದ್ದ. “ಕೇಳದೇ ಕತ್ತರಿಸೋಕೆ ನಾನೇನು ಕಟುಕಿಯಾ? ಎರಡು ಸಲ ಕೇಳಿದೆ. ಕೆಟ್ಟದಾಗಿತ್ತು” ಎಂದಿದ್ದಳು.

ಅದು ಹಸಿ ಸುಳ್ಳು. ಒಂದು ಸಲವೂ ಕೇಳಿರಲಿಲ್ಲ.

ಆ ಕಾಲದಲ್ಲಿ ಚಿತ್ರ ಒಂದು ಸುರುಳಿ, ಶಬ್ದ ಇನ್ನೊಂದು ಸುರುಳಿ. ಎರಡನ್ನೂ ಮೇಜಿಗೆ ಹಾಕಿ ಜೊತೆಯಾಗಿ ಓಡಿಸಬೇಕು. ಕತ್ತರಿಯ ಪದ್ಧತಿಯೇ ಬೇರೆ. ಹಾಸ್ಯದ ಸಿನಿಮಾ ಆದರೆ ಶಬ್ದದ ಸುರುಳಿಯನ್ನು ಕಪಾಟಿನಲ್ಲೇ ಬಿಟ್ಟು ಬರೀ ಚಿತ್ರ ಓಡಿಸುವಳು. ಮೂಕವಾಗಿ ನೋಡಿದರೂ ನಗು ಬಂದರೆ ಇಟ್ಟುಕೊಳ್ಳುವಳು, ಬಾರದಿದ್ದರೆ ಬುಟ್ಟಿಗೆ. ಸಂದರ್ಶನಗಳಲ್ಲಿ ಇದನ್ನೇ ಜಂಭದಿಂದ ಹೇಳಿಕೊಂಡಿದ್ದಳು, ಆದರೆ ಇಟ್ಟುಕೊಂಡ ದೃಶ್ಯಗಳಿಗೆ ಆಮೇಲೆ ಶಬ್ದ ಹಾಕಿ ನೋಡುತ್ತೇನೆ ಎನ್ನುವಲ್ಲಿಗೆ ಮಾತು ನಿಲ್ಲಿಸುವಳು. ಬುಟ್ಟಿಗೆ ಹೋದದ್ದರ ಗತಿ ಏನು ಎಂದು ಯಾರೂ ಕೇಳಲಿಲ್ಲ, ಇವಳೂ ಬಾಯಿ ಬಿಡಲಿಲ್ಲ. ತಮ್ಮನ ಆ ದೃಶ್ಯ ಮೂಕವಾಗಿ ಓಡಿದಾಗ ಕಂಡದ್ದು ಬರೀ ಅವನ ಬೆನ್ನು, ಅದರಾಚೆ ಗುಂಡಿ ಹೊಲಿಯುತ್ತ ಕೂತ ಹೆಂಡತಿ. ಮೂರು ನಿಮಿಷ ಬೆನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಕಿತ್ತು ಬುಟ್ಟಿಗೆ ಹಾಕಿದಳು.

ಈಗ ಡಿಸ್ಕ್ ಕಂಪನಿಯವರು ಆ ಎರಡೂ ಸುರುಳಿಯನ್ನು ಯಾವುದೋ ಗೋದಾಮಿನಲ್ಲಿ ಹುಡುಕಿ ತೆಗೆದಿದ್ದರು. ಸಿನಿಮಾ ನೋಡುತ್ತ ಹಿನ್ನೆಲೆಯಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಡಿ ಎಂದು ದೆವ್ವದಣ್ಣನನ್ನು ಕೇಳಿದರೆ, ಅವನು ಒಂದೇ ಷರತ್ತು ಹಾಕಿದ್ದ. ನಮ್ಮಕ್ಕನೂ ಬರಬೇಕು, ಆ ದೃಶ್ಯ ನನ್ನ ಪಕ್ಕದಲ್ಲಿ ಕೂತು ನೋಡಬೇಕು. ಕತ್ತರಿ ಬರುವುದಿಲ್ಲ ಎನ್ನಬಹುದಿತ್ತು. ಬರದಿದ್ದರೆ ಹೆದರಿದಳು ಅಂದುಕೊಳ್ಳುತ್ತಾನೆ ಎಂದು ಬಂದಳು. ಹೆದರಿಕೆಯಂತೂ ಇತ್ತು. ಅವನು ಮತ್ತೆ ಅದೇ ಪ್ರಶ್ನೆ ಕೇಳಿದರೆ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಅದೇ ಸುಳ್ಳನ್ನು ಮತ್ತೆ ಹೇಳಬೇಕು.

ತಮ್ಮ ಬಂದ. ಕೂದಲಿಗೆ ಕಪ್ಪು ಬಳಿದುಕೊಂಡು, ಕತ್ತಿಗೊಂದು ಸ್ಕಾರ್ಫ್ ಸುತ್ತಿಕೊಂಡು, ಎಪ್ಪತ್ತರ ಮುದುಕ ಮದುವೆ ಗಂಡಾಗಿದ್ದ. ಎಡಗಿವಿಯಲ್ಲಿ ಸಣ್ಣದೊಂದು ಯಂತ್ರ. ಅಕ್ಕನ ಕಣ್ಣು ಅದರ ಮೇಲೆ ಬಿದ್ದದ್ದೇ ತಡ ಆ ಕಡೆ ಮುಖ ತಿರುಗಿಸಿದ.

“ಆರೋಗ್ಯವಾಗಿದ್ದೀಯಾ?” ಎಂದ, ಗೋಡೆಗೆ ಹೇಳುವವನ ಹಾಗೆ.

“ಇದ್ದೀನಿ,” ಎಂದಳು.

ಡಿಸ್ಕ್ ಕಂಪನಿಯ ಹುಡುಗಿ, ಮೂವತ್ತರ ಆಸುಪಾಸಿನವಳು, ಇಬ್ಬರ ಮಧ್ಯೆ ಸಂಭ್ರಮದಿಂದ ಓಡಾಡಿದಳು. “ಮೇಡಂ, ಒಂದು ಆಶ್ಚರ್ಯ ಗೊತ್ತಾ? ಆ ದೃಶ್ಯದ ಶಬ್ದದ ಸುರುಳಿ ಎಷ್ಟು ಹೊಸದಾಗಿತ್ತು ಅಂತೀರಿ! ಅಂಟಿಸಿದ ಪಟ್ಟಿ ಕೂಡ ಕಿತ್ತಿರಲಿಲ್ಲ. ಒಂದು ಸಲವೂ ಓಡಿಸಿದ ಹಾಗೇ ಕಾಣಲ್ಲ.”

ಕತ್ತರಿ ಗಾಬರಿಯಿಂದ ತಮ್ಮನ ಕಡೆ ನೋಡಿದಳು. ಅವನು ರಬ್ಬರಿನ ದೆವ್ವವನ್ನು ಕೈಯಲ್ಲಿ ಹಿಡಿದು, ತನ್ನ ಮೂಗು ಅಷ್ಟು ದಪ್ಪವೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹುಡುಗಿಯ ಮಾತು ಅವನಿಗೆ ಕೇಳಿಸಿರಲಿಲ್ಲ. “ಕೇಳೋಕೆ ಬೇರೆ ಕಾಪಿ ಮಾಡಿಸಿರ್ತಾರೆ,” ಎಂದು ಕತ್ತರಿ ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಂಡಳು.

ರೆಕಾರ್ಡಿಂಗ್ ಕೋಣೆಯಲ್ಲಿ ಒಂದು ಮೇಜು, ಎರಡು ಮೈಕು, ಒಂದು ದೊಡ್ಡ ಪರದೆ. ಗಾಜಿನಾಚೆ ಹುಡುಗಿಯ ಪಕ್ಕ ಇಂಜಿನಿಯರ್ ಕೂತಿದ್ದ. ಎಲ್ಲರೂ ಹೆಡ್‌ಫೋನ್ ಹಾಕಿಕೊಳ್ಳಬೇಕು ಎಂದ. ಕೆಂಪು ದೀಪ ಹೊತ್ತಿತು, ಸಿನಿಮಾ ಶುರುವಾಯಿತು.

ಅಯ್ಯೋ ಕರ್ಮವೇ, ಇದೇನು ಮಾಡಿಟ್ಟಿದ್ದಾರೆ ಇವರು! ಮುಖಗಳನ್ನೆಲ್ಲ ಉಜ್ಜಿ ಉಜ್ಜಿ ಒಂದು ಸುಕ್ಕೂ ಇಲ್ಲದ ಹಾಗೆ ಮಾಡಿದ್ದರು. ಅರವತ್ತು ವರ್ಷದ ಮ್ಯಾನೇಜರು ಮೇಣದ ಗೊಂಬೆಯಾಗಿ ಕೂತಿದ್ದ. ದೆವ್ವವನ್ನು ಎತ್ತಿದ ತಂತಿ ಹಳೆಯ ಪ್ರತಿಯಲ್ಲಿ ಎದ್ದು ಕಾಣುತ್ತಿತ್ತು. ದೆವ್ವ ಅದಕ್ಕೇ ಸಿಕ್ಕಿಕೊಂಡು ಒದ್ದಾಡಿದಾಗ ಜನ ಸಿಳ್ಳೆ ಹೊಡೆಯುತ್ತಿದ್ದರು. ಈಗ ತಂತಿಯನ್ನು ಅಳಿಸಿಬಿಟ್ಟಿದ್ದರು, ದೆವ್ವ ಯಾಕೆ ಒದ್ದಾಡುತ್ತಿದೆ ಎಂದು ದೇವರಿಗೇ ಗೊತ್ತು.

“ತಂತಿ ಎಲ್ಲಿ?” ಎಂದು ಕತ್ತರಿ ಮೈಕಿನಲ್ಲೇ ಕೇಳಿದಳು.

“ಅದು ತಪ್ಪಲ್ವಾ ಮೇಡಂ, ಕ್ಲೀನ್ ಮಾಡಿದ್ವಿ,” ಎಂದಳು ಹುಡುಗಿ.

“ನಗು ಬರ್ತಿದ್ದದ್ದೇ ಅದಕ್ಕೆ ಕಣಮ್ಮ. ತಲೆ ಬೋಳಿಸಿ ಹೇನು ತೆಗೆದಿದ್ದೀರಿ.”

ತಮ್ಮ ಎಲ್ಲದಕ್ಕೂ ಸುಮ್ಮನೆ ತಲೆ ಆಡಿಸುತ್ತಿದ್ದ. ನಡುನಡುವೆ ಮೊದಲೇ ಉರು ಹೊಡೆದುಕೊಂಡು ಬಂದಂಥ ಎರಡು ಮಾತು ಆಡುತ್ತಿದ್ದ. ಚಳಿಯಲ್ಲಿ ಚಿತ್ರೀಕರಣ ಮಾಡಿದೆವು, ಮೀಸೆ ಉದುರಿತು, ಇಂಥವೇ. ಹಳಸಲು ಸರಕು. ಇವನು ಮೂವತ್ತೊಂದು ವರ್ಷ ಇವನ್ನೇ ಮಾರಿಕೊಂಡು ಬಂದಿದ್ದಾನೆ ಎಂದು ಕತ್ತರಿ ಮೂಗು ಮುರಿದಳು.

ಸಿನಿಮಾ ಮುಗಿಯಿತು. “ಈಗ ಆ ದೃಶ್ಯ,” ಎಂದಿತು ಇಂಜಿನಿಯರಿನ ದನಿ.

ಪರದೆಯ ಮೇಲೆ ತಮ್ಮನ ಬೆನ್ನು ಬಂತು. ಅದೇ ಬೆನ್ನು, ಅದೇ ಗುಂಡಿ ಹೊಲಿಯುವ ಹೆಂಡತಿ. ಆಮೇಲೆ ಕತ್ತರಿಯ ಕಿವಿಯೊಳಗೆ ಒಂದು ದನಿ ಬಂತು. ಸಿನಿಮಾದುದ್ದಕ್ಕೂ ಕಿರುಚುವ ದೆವ್ವದ ದನಿಯಲ್ಲ. ಕಚೇರಿಯಿಂದ ಸುಸ್ತಾಗಿ ಮನೆಗೆ ಬಂದ ಗಂಡಸಿನ ದನಿ.

“ಬೀರುವಿನ ಬೀಗದ ಕೈ ಹಳೇ ಕೊಡೆಯೊಳಗಿದೆ.” ದನಿ ನಿಂತಿತು. ಹೆಂಡತಿ ದಾರ ಕಚ್ಚಿ ಕತ್ತರಿಸಿದಳು. “ಕೊಡೆ ಬಸ್ಸಲ್ಲಿ ಬಿಟ್ಟುಬಂದೆ.”

ಕತ್ತರಿಗೆ ಫಕ್ಕನೆ ನಗು ಬಂತು. ತಡೆದುಕೊಂಡಳು.

“ನಿನಗೆ ಹೇಳಿದ್ರೆ ಬೈತೀಯ ಅಂತ ಹೇಳಿರಲಿಲ್ಲ. ಈಗ ಹೇಳ್ತಿದ್ದೀನಿ, ಕೇಳಿಸ್ತಿಲ್ಲ. ಇರ್ಲಿ ಬಿಡು. ಇದ್ದಾಗಲೂ ನಾನು ಹೇಳಿದ್ದು ನಿನಗೆ ಎಲ್ಲಿ ಕೇಳಿಸ್ತಿತ್ತು?” ಮತ್ತೆ ನಿಂತಿತು. “ಆ ಗುಂಡಿ ಸ್ವಲ್ಪ ಎಡಕ್ಕೆ ಹೊಲಿ. ಅಲ್ಲ, ನನ್ನ ಅಂಗಿ ಯಾಕೆ ಹೊಲೀತಿದ್ದೀಯ? ಯಾರು ಹಾಕ್ಕೊತಾರೆ ಅದನ್ನ?”

ಇಷ್ಟೇ. ಇಂಥವೇ ಹತ್ತೋ ಹನ್ನೆರಡೋ ಮಾತು. ಮುಖ ಒಂದು ಕ್ಷಣವೂ ಕಾಣುವುದಿಲ್ಲ. ಕಾಣಬಾರದು ಎಂದೇ ಅವನು ಬೆನ್ನು ತಿರುಗಿಸಿ ಕೂತಿದ್ದ. ಕತ್ತರಿಗೆ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ನಲವತ್ತು ವರ್ಷ ಅವಳ ಮೇಜಿನ ಮೇಲೆ ಓಡಿದ ಅಷ್ಟೂ ಫಿಲ್ಮಿನಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ಅದನ್ನು ಅವಳು ಬುಟ್ಟಿಗೆ ಹಾಕಿದ್ದಳು, ಹಾಕಿ ಕೆಟ್ಟದಾಗಿತ್ತು ಎಂದಿದ್ದಳು.

ಪರದೆ ಕಪ್ಪಾಯಿತು. ಈಗ ಕೇಳುತ್ತಾನೆ ಎಂದು ಕತ್ತರಿ ಮೈಯೆಲ್ಲ ಬಿಗಿ ಮಾಡಿಕೊಂಡು ಕೂತಳು.

ತಮ್ಮ ಮೆಲ್ಲಗೆ ಅವಳ ಕಡೆ ತಿರುಗಿದ. “ಅಕ್ಕ, ನೀನೇ ಸರಿ,” ಎಂದ. “ಬರೀ ಬೆನ್ನು. ನಾನೇನೋ ದೊಡ್ಡದಾಗಿ ಮಾಡಿದ್ದೀನಿ ಅಂದ್ಕೊಂಡಿದ್ದೆ. ಇಷ್ಟಕ್ಕೆ ನಿನ್ನ ಹತ್ರ ಮಾತು ಬಿಟ್ಟೆನಲ್ಲ, ಥೂ.”

ಅವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಮೇಜಿನ ಮೇಲೆ ಕಣ್ಣು ಹೋಯಿತು. ಅವನ ಕನ್ನಡಕದ ಡಬ್ಬಿಯ ಪಕ್ಕ ಆ ಕಿವಿಯ ಯಂತ್ರ ಬಿದ್ದಿತ್ತು. ಹೆಡ್‌ಫೋನ್ ಹಾಕಿಕೊಳ್ಳಲು ಅದನ್ನು ತೆಗೆದಿಟ್ಟಿದ್ದ. ಅದಿಲ್ಲದೆ ಅವನು ಶುದ್ಧ ಕಿವುಡ. ನನಗೆ ಕೇಳಿಸುತ್ತಿಲ್ಲ ಎಂದು ನಾಲ್ಕು ಜನರೆದುರು ಹೇಳಲು ಆ ಕಪ್ಪು ಕೂದಲಿನ ಜಂಭ ಬಿಡಬೇಕಲ್ಲ. ಎರಡು ಗಂಟೆ ಮೂಕ ಸಿನಿಮಾ ನೋಡಿ ತಲೆ ಆಡಿಸಿದ್ದ. ತನ್ನ ದೃಶ್ಯವನ್ನೂ ಮೂಕವಾಗಿಯೇ ನೋಡಿದ್ದ, ಅಂದು ಅವಳು ನೋಡಿದ ಹಾಗೆಯೇ.

ಅವಳೀಗ ಸುಮ್ಮನಿದ್ದರೆ ಸಾಕಿತ್ತು. ತುಟಿ ಪಿಟಕ್ಕೆನ್ನದಿದ್ದರೆ ಜಗಳ ಮುಗಿಯಿತು, ತಮ್ಮ ವಾಪಸ್ ಬಂದ, ಗೆದ್ದದ್ದೂ ಅವಳೇ. ಎಪ್ಪತ್ತರ ಮುದುಕ ತನ್ನ ಒಂದೇ ಒಳ್ಳೆಯ ಕೆಲಸವನ್ನು ಕೆಟ್ಟದ್ದು ಎಂದು ನಂಬಿಕೊಂಡು ಮನೆಗೆ ಹೋಗುತ್ತಾನೆ, ಅಷ್ಟೇ ತಾನೆ. ಇಷ್ಟು ಯೋಚಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬದುಕಿನುದ್ದಕ್ಕೂ ಯಾರ್ಯಾರನ್ನೋ ಕಸ ಎಂದು ಎಣಿಸಿದ್ದಳು, ಇಂಥ ಕಸ ಯಾರೂ ಮಾಡಿರಲಿಲ್ಲ.

ಎದ್ದು ಅವನ ತಲೆಯಿಂದ ಹೆಡ್‌ಫೋನ್ ಕಿತ್ತು, ಯಂತ್ರವನ್ನು ಅವನ ಮುಂದೆ ಹಿಡಿದಳು. “ಹಾಕ್ಕೋ.” ಅವನ ಮುಖ ಕೆಂಪಾಯಿತು. ಹಾಕಿಕೊಂಡ.

“ನಾನು ಅವತ್ತು ಕೇಳಿರಲಿಲ್ಲ,” ಎಂದಳು.

“ಏನು?”

“ಆ ಶಬ್ದದ ಸುರುಳಿ ಬಿಚ್ಚೇ ಇರಲಿಲ್ಲ ಕಣೋ. ಎರಡು ಸಲ ಕೇಳಿದೆ ಅಂತ ಸುಳ್ಳು ಹೇಳಿದೆ. ಕೇಳಿದ್ದು ಇವತ್ತೇ.” ಗಾಜಿನಾಚೆ ಇಂಜಿನಿಯರ್ ಕೆಂಪು ದೀಪ ಆರಿಸಲು ಕೈ ಚಾಚಿದ್ದು ಕಂಡಿತು. “ಇರಲಿ ಬಿಡಪ್ಪ, ರೆಕಾರ್ಡ್ ಆಗಲಿ,” ಎಂದಳು.

ತಮ್ಮ ಯಂತ್ರವನ್ನು ಕಿವಿಯೊಳಗೆ ಇನ್ನಷ್ಟು ಒತ್ತಿಕೊಂಡ. “ಅವತ್ತು ಹೊರಗೆ ನಿನ್ನ ಮೇಲೆ ಕೂಗಾಡಿದೆ,” ಎಂದ. “ಒಳಗೊಳಗೆ ನಿನ್ನ ಮಾತೇ ನಂಬಿದ್ದೆ. ಅಕ್ಕ ಎರಡು ಸಲ ಕೇಳಿ ಕೆಟ್ಟದು ಅಂದಿದ್ದಾಳೆ ಅಂದ್ರೆ ನನಗೆ ಬರೋದು ಕಿರುಚಾಟ ಮಾತ್ರ ಅಂದ್ಕೊಂಡೆ. ಬೇರೆ ಪಾತ್ರ ಯಾರ ಹತ್ರವೂ ಕೇಳಲಿಲ್ಲ. ಹೋಗು ಅತ್ಲಾಗೆ, ನಿನ್ನಂಥ ಅಕ್ಕ ಯಾರಿಗೂ ಬೇಡ.”

ಅವನು ಪರದೆಯತ್ತ ಗಲ್ಲ ಎತ್ತಿದ. “ಏನು ಹೇಳಿದ್ದೆ ಅದರಲ್ಲಿ? ನನಗೆ ಮರೆತೇ ಹೋಗಿದೆ. ಸ್ಪೀಕರಿನಲ್ಲಿ ಹಾಕಿದ್ರೂ ಈ ಯಂತ್ರದಲ್ಲಿ ಬರೀ ಗೊರಗೊರ. ನೀನು ಹೇಳು.”

ಇಂಜಿನಿಯರ್ ದೃಶ್ಯವನ್ನು ಮತ್ತೆ ಹಾಕಿದ. ಕತ್ತರಿ ಕುರ್ಚಿ ಎಳೆದುಕೊಂಡು ಅವನ ಎಡಗಿವಿಯ ಹತ್ತಿರ ಬಾಯಿ ತಂದು ಒಂದೇ ಉಸಿರಿಗೆ ಹೇಳತೊಡಗಿದಳು. “ಬೀರುವಿನ ಬೀಗದ ಕೈ ಹಳೇ ಕೊಡೆಯೊಳಗಿದೆ ಕೊಡೆ ಬಸ್ಸಲ್ಲಿ ಬಿಟ್ಟುಬಂದೆ.”

“ನಿಲ್ಲಿಸು,” ಎಂದ ತಮ್ಮ. “ಏನು ಪಾಠ ಒಪ್ಪಿಸ್ತಿದ್ದೀಯ? ಒಳಗಿದೆ ಆದ್ಮೇಲೆ ಸುಮ್ಮನಿರಬೇಕು. ನಲವತ್ತು ವರ್ಷ ಕತ್ತರಿ ಹಿಡಿದು ಇಷ್ಟೂ ಗೊತ್ತಾಗಲ್ವಾ ನಿನಗೆ?”

ಅವನ ದನಿಯಲ್ಲಿ ಬರೀ ತಾತ್ಸಾರ. ಅವಳ ಹತ್ತಿರ ಯಾರೂ ಯಾವತ್ತೂ ಹೀಗೆ ಮಾತಾಡಿರಲಿಲ್ಲ.

“ಎಷ್ಟು ಹೊತ್ತು ಸುಮ್ಮನಿರಬೇಕು?” ಎಂದು ಕೇಳಿದಳು.

“ಅವಳು ದಾರ ಕಚ್ಚೋ ತನಕ,” ಎಂದ. ಕತ್ತರಿ ಗಾಜಿನಾಚೆಯವನಿಗೆ ಮೊದಲಿಂದ ಹಾಕಲು ಸನ್ನೆ ಮಾಡಿ, ತಮ್ಮನ ಕಿವಿಯ ಹತ್ತಿರ ಮತ್ತೆ ಬಾಗಿದಳು.