ಹಿಮನದಿಯ ಬಿಳಿ ನೀರು

ಚನ್ನಲಿಂಗಪ್ಪ ಕನಕಪುರದ ಜಲ್ಲಿ ಕ್ರಷರಿನಲ್ಲಿ ಆಯುಸ್ಸೆಲ್ಲ ಸವೆಸಿದವನು. ಕಲ್ಲಿನ ಮುಂದೆ ಗಟ್ಟಿ, ಹೆಂಡತಿ ರೇವಮ್ಮನ ಮುಂದೆ ಬೆಣ್ಣೆ. ಅದಕ್ಕೇ ತಾನು ಹೇಳಲಾರದ ಮಾತನ್ನು ಹೇಳಿಸಲು ಆ ಭಾನುವಾರ ಬೇರೊಬ್ಬನನ್ನು ಕೋಡಿಹಳ್ಳಿಯ ಮನೆಗೆ ಕರೆಸಿದ್ದ.

ಮಗ ದಯಾನಂದ್ ಸೈನ್ಯದಲ್ಲಿದ್ದ. ಗಸ್ತಿಗೆ ಹೋದವನು ಹಿಮನದಿಯ ಬಿರುಕಿನೊಳಗೆ ಬಿದ್ದ, ಹೆಣ ಸಿಗಲಿಲ್ಲ. ಅವನ ಬಟ್ಟೆಯನ್ನಾದರೂ ಮಣ್ಣಿಗಿಟ್ಟು ಕ್ರಿಯೆ ಮುಗಿಸೋಣವೆಂದರೆ ರೇವಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಮಗನನ್ನು ಗುಣಿಯಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ವಿಭೂತಿ ಹಚ್ಚಿಯೇ ಮಣ್ಣು ಮಾಡಬೇಕು. ಹಾಗೆ ಕೂರಿಸಲು ಮಗನ ಹೆಣವೇ ಸಿಗಬೇಕು ಎಂಬುದು ಅವಳ ಹಠ. ಅಲ್ಲಿಯವರೆಗೆ ಸೊಸೆ ಹೇಮಶ್ರೀ ಮುತ್ತೈದೆ. ಅವಳನ್ನು ಮಾಗಡಿ ಕಡೆಯ ಒಬ್ಬ ಒಪ್ಪಿದ್ದ. ಒಳ್ಳೆಯವನು, ಅವಳಿಗೂ ಮನಸ್ಸಿತ್ತು. ಆದರೆ ಕ್ರಿಯೆಯಾಗದೆ ತಾಳಿ ತೆಗೆಯುವಂತಿಲ್ಲ, ತಾಳಿ ತೆಗೆಯದೆ ಇನ್ನೊಂದು ಮದುವೆಯಿಲ್ಲ. ಗಂಡಿನ ಮನೆಯವರು ಕಾದು ಬೇಸತ್ತು ಈ ವಾರ ಕಡೇ ಮಾತು ಕೇಳಿದ್ದರು. "ಇವತ್ತು ತೀರ್ಮಾನ ಮಾಡುಸ್ತೀನಿ ಕಣವ್ವ" ಎಂದು ಬೆಳಿಗ್ಗೆ ಮಾವ ಸೊಸೆಗೆ ಮಾತು ಕೊಟ್ಟಿದ್ದ.

ಬಂದವನು ಚನ್ನಪಟ್ಟಣದ ಜಯಕುಮಾರ್, ದಯಾನಂದನ ಜೊತೆ ಅದೇ ತುಕಡಿಯಲ್ಲಿದ್ದವನು. ಮಗ ಇನ್ನು ಬರುವುದಿಲ್ಲ ಅಂತ ಅವಳಿಗೆ ಒಂದು ಮಾತು ಹೇಳಿಬಿಡಪ್ಪ ಎಂದು ಚನ್ನಲಿಂಗಪ್ಪ ಫೋನಿನಲ್ಲೇ ಬೇಡಿಕೊಂಡಿದ್ದ. ಹೂಂ ಅಂದಿದ್ದವನು ರೇವಮ್ಮನ ಮುಖ ನೋಡಿದ್ದೇ ತಡ, ಕರಗಿಹೋದ. ಹಾಳು ಕರುಣೆ, ಅದು ಯಾರನ್ನು ಉಳಿಸಿದೆ.

ಹಿಮನದಿಯೂ ನದಿಯೇ ಕಣಮ್ಮ ಎಂದ. ನಿಂತಂತೆ ಕಂಡರೂ ಇಳಿಯುತ್ತಲೇ ಇರುತ್ತದೆ, ಬೆಟ್ಟದಿಂದ ಕಿತ್ತ ಮನೆಯಷ್ಟು ದೊಡ್ಡ ಬಂಡೆಯನ್ನೂ ಹೊತ್ತು ತಂದು ಮಂಜು ಕರಗುವ ಕಡೆ ಇಳಿಸುತ್ತದೆ. ಎಂದೋ ಬಿದ್ದವರು ಎಷ್ಟೋ ವರ್ಷದ ಮೇಲೆ ಅಲ್ಲಿ ಸಿಕ್ಕಿದ್ದಾರೆ ಎಂದೂ ಸೇರಿಸಿದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ: ಹಿಮದ ತುದಿ, ಅದರ ಮುಂದೆ ಕಲ್ಲುಮಣ್ಣಿನ ದಿಬ್ಬ, ಅಡಿಯಿಂದ ಹರಿಯುವ ಅಕ್ಕಿ ತೊಳೆದಂಥ ನೀರು. ರೇವಮ್ಮ ಆ ದಿಬ್ಬವನ್ನು ಬೆರಳಿನಿಂದ ಸವರಿದಳು.

ನೀರು ಯಾಕೆ ಬೆಳ್ಳಗಿದೆ ಎಂದು ಚನ್ನಲಿಂಗಪ್ಪ ಕೇಳಿದ. ಹಿಮದ ತಳದಲ್ಲಿ ಕಲ್ಲುಗಳು ಸಿಕ್ಕಿಕೊಂಡಿರುತ್ತವೆ, ಮೇಲಿನ ಭಾರಕ್ಕೆ ಅವು ಕೆಳಗಿನ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತವೆ, ಆ ಹಿಟ್ಟಿನದೇ ಬಣ್ಣ ಎಂದ ಜಯಕುಮಾರ್. ಮಗ ಬಿದ್ದ ಬಿರುಕು ಎಷ್ಟು ಆಳವಿತ್ತು ಎಂದಾಗ, ಇದ್ದ ಹಗ್ಗವನ್ನೆಲ್ಲ ಗಂಟು ಹಾಕಿ ಬಿಟ್ಟರೂ ತಳ ಮುಟ್ಟಲಿಲ್ಲ ಎಂದುಬಿಟ್ಟ, ಯೋಚಿಸದೆ.

ಕ್ರಷರಿನ ದವಡೆಗೆ ಒಮ್ಮೆ ಆಡು ಸಿಕ್ಕಿದ್ದನ್ನು ಚನ್ನಲಿಂಗಪ್ಪ ಕಣ್ಣಾರೆ ನೋಡಿದ್ದ. ಕಲ್ಲೇ ಹಿಟ್ಟಾಗುವ ಆ ತಳದಲ್ಲಿ ಮೂಳೆ ಯಾವ ಲೆಕ್ಕ. ಮಗ ಆ ಬಿಳಿ ನೀರಿನಲ್ಲೇ ಹರಿದುಹೋಗುತ್ತಾನೆ, ಯಾರ ಕೈಗೂ ಸಿಗುವುದಿಲ್ಲ.

ರೇವಮ್ಮ ಗಂಡನತ್ತ ತಿರುಗಿದಳು. ಎಷ್ಟೋ ಕಾಲದ ಮೇಲೆ ಅವಳ ಮುಖಕ್ಕೆ ಕಳೆ ಬಂದಿತ್ತು.

"ನೀ ಕಲ್ಲಲ್ಲೇ ಬದುಕಿದೋನು. ಆ ಪಾಟಿ ಕಲ್ಲು ತಂದು ಇಳಿಸೋ ಮಂಜು ನನ್ ಮಗನ್ನ ಇಳಿಸಕಿಲ್ವಾ? ನೀ ಹೇಳು, ನಂಬ್ತೀನಿ."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ಹೇಮಶ್ರೀ ನಿಂತಿದ್ದಳು. ಅವನು ಅತ್ತ ನೋಡಲಿಲ್ಲ.

"ಬತ್ತಾನೆ ಕಣಮ್ಮಿ," ಎಂದ. "ಒಸಿ ತಡ ಆಯ್ತದೆ."

ರೇವಮ್ಮ ಕೈಮುಗಿದು ಅತ್ತಳು. ಆಮೇಲೆ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿದೆಯಾ, ನಿನ್ನ ಗಂಡ ಬರುತ್ತಾನಂತೆ ಎನ್ನುತ್ತಾ ಅವಳ ಹಣೆಗೆ ಅಗಲವಾಗಿ ಕುಂಕುಮವಿಟ್ಟಳು. ಹಣೆ ಒಡ್ಡಿ ಕೂತ ಹೇಮಶ್ರೀ ಮಾವನನ್ನೇ ನೋಡುತ್ತಿದ್ದಳು.